ಎಡಿಟರ್ ತಾನಾಗಿಯೇ ಯಾವ ಕೋಡ್ ಫೈಲ್‌ಗಳನ್ನು ನಂಬಬೇಕು?

ಈಮ್ಯಾಕ್ಸ್ ಎಂಬ ಎಡಿಟರಿನ 30ನೇ ಆವೃತ್ತಿಗೆ ಬಂದ ಮೇಲೆ ನಿಮ್ಮ ಇನಿಟ್ ಫೈಲ್‌ನಲ್ಲಿ (ಶುರುವಾಗುವಾಗ ಅದು ಓಡಿಸುವ ಸೆಟ್ಟಿಂಗ್ ಫೈಲ್) ಕೋಡಿನ ತಪ್ಪು ಹುಡುಕುವ ಫ್ಲೈಮೇಕ್ ಸೌಲಭ್ಯ ಎಂದಿನಂತೆ ತಪ್ಪುಗಳನ್ನು ತೋರಿಸುತ್ತಿದೆ, ಆದರೆ ಅದರಿಂದ ಒಡೆದು ಪಕ್ಕದ ‘ಲಿಸ್ಪ್’ ಡೈರೆಕ್ಟರಿಯಲ್ಲಿಟ್ಟ ಫೈಲ್‌ಗಳನ್ನು ತೆರೆದಾಗ, ಇವು ನಂಬಿಕೆಗೆ ಒಳಪಟ್ಟಿಲ್ಲವೆಂದು ಹೇಳಿ ತಪಾಸಣೆಯನ್ನು ನಿಲ್ಲಿಸುತ್ತಿದೆ. ನಂಬುವ ಫೈಲ್, ಡೈರೆಕ್ಟರಿಗಳ ಪಟ್ಟಿಯಾದ ‘ಟ್ರಸ್ಟೆಡ್-ಕಂಟೆಂಟ್’ ಎಂಬ ವೇರಿಯಬಲ್‌ಗೆ ‘:ಆಲ್’ (ಎಲ್ಲವನ್ನೂ ನಂಬು) ಎಂದು ಕೊಟ್ಟು ಮುಗಿಸಬಹುದೇ, ಅಥವಾ ಯಾವುದನ್ನು ನಂಬಬೇಕೆಂದು ನಿರ್ಧರಿಸಲು ಬೇರೆ ಕ್ರಮವಿದೆಯೇ ಎಂಬುದು ನಿಮ್ಮ ಪ್ರಶ್ನೆ. ‘:ಆಲ್’ ಖಂಡಿತ ಬೇಡ. ಅದು ಭದ್ರತೆಯಲ್ಲಿ ದೊಡ್ಡ ಕಿಂಡಿಯನ್ನೇ ತೆರೆದಂತೆ ಎಂದು ಆ ವೇರಿಯಬಲ್‌ನ ವಿವರಣೆಯಲ್ಲೇ ಬರೆದಿದ್ದಾರೆ, ಮತ್ತು ಆ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಈ ಬದಲಾವಣೆ ಏಕೆ ಬಂತು ಎಂಬುದು ತಿಳಿದರೆ ಉಳಿದ ನಿರ್ಧಾರಗಳು ಸುಲಭವಾಗುತ್ತವೆ. ಈಮ್ಯಾಕ್ಸ್‌ನ ಭಾಷೆಯಾದ ಲಿಸ್ಪ್‌ನಲ್ಲಿ, ಬೇರೆ ಕೋಡನ್ನು ಬರೆದುಕೊಡುವ ತುಣುಕಾದ ಮ್ಯಾಕ್ರೋವನ್ನು ವಿಸ್ತರಿಸುವುದು ಎಂದರೆ ಕೋಡ್ ಓಡಿಸುವುದೇ. ‘ಇವಲ್-ವೆನ್-ಕಂಪೈಲ್’ ಎಂಬ ಮ್ಯಾಕ್ರೋ ಈಮ್ಯಾಕ್ಸ್ ಜೊತೆಗೇ ಬರುತ್ತದೆ; ಅದರೊಳಗೆ ಒಂದು ಶೆಲ್ ಕಮಾಂಡನ್ನು ಕರೆಯುವ ಸಾಲು ಬರೆದಿಟ್ಟರೆ, ವಿಸ್ತರಣೆಯಾದ ಕ್ಷಣದಲ್ಲೇ ಆ ಕಮಾಂಡ್ ಓಡುತ್ತದೆ. ಫ್ಲೈಮೇಕ್ ತಪ್ಪು ಹುಡುಕಲು ಫೈಲನ್ನು ಬೈಟ್-ಕಂಪೈಲ್ ಮಾಡುತ್ತದೆ, ಅಂದರೆ ಮ್ಯಾಕ್ರೋಗಳನ್ನು ವಿಸ್ತರಿಸಿ ಬೇಗ ಓಡುವ ರೂಪಕ್ಕೆ ತಿರುಗಿಸುತ್ತದೆ; ಅರ್ಧ ಟೈಪಿಸಿದ ಹೆಸರನ್ನು ಪೂರ್ತಿಗೊಳಿಸುವ ಸೌಲಭ್ಯವೂ ಸ್ಥಳೀಯ ವೇರಿಯಬಲ್‌ಗಳನ್ನು ಹುಡುಕಲು ಮ್ಯಾಕ್ರೋಗಳನ್ನು ವಿಸ್ತರಿಸುತ್ತದೆ. ಹಾಗಾಗಿ ಯಾರೋ ಕಳಿಸಿದ ಫೈಲನ್ನು ನೀವು ಓದಲೆಂದು ತೆರೆದರೂ, ಫ್ಲೈಮೇಕ್ ಹಚ್ಚಿಟ್ಟಿದ್ದರೆ ಆ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಈ ದೋಷಕ್ಕೆ ಸಿವಿಇ-2024-53920 ಎಂಬ ಸಂಖ್ಯೆ ಸಿಕ್ಕಿತು, 2025ರ ಫೆಬ್ರವರಿಯಲ್ಲಿ ಬಂದ 30.1ರಲ್ಲಿ ಅದಕ್ಕೆ ಪರಿಹಾರವೂ ಬಂತು: ಬಳಕೆದಾರರು ನಂಬುತ್ತೇನೆಂದು ಹೇಳದ ಫೈಲ್‌ಗಳಲ್ಲಿ ಈ ಕೆಲಸಗಳನ್ನು ಎಡಿಟರ್ ತಾನಾಗಿ ಮಾಡುವುದಿಲ್ಲ.

ಫೈಲ್‌ನ ಹೆಸರನ್ನೋ ಅದರ ಕೊನೆಯ ‘.ಟಿಎಕ್ಸ್‌ಟಿ’ಯಂಥ ಭಾಗವನ್ನೋ ನೋಡಿ ಅಪಾಯವನ್ನು ಅಳೆಯಲು ಬರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ‘ಟಿಪ್ಪಣಿ.ಟಿಎಕ್ಸ್‌ಟಿ’ ಎಂಬ ಫೈಲ್‌ನ ಮೊದಲ ಸಾಲಿನಲ್ಲಿ ‘-*- ಮೋಡ್: ಈಮ್ಯಾಕ್ಸ್-ಲಿಸ್ಪ್ -*-’ ಎಂದಿದ್ದರೆ ಸಾಕು, ಈಮ್ಯಾಕ್ಸ್ ಅದನ್ನು ಲಿಸ್ಪ್ ಎಂದೇ ತೆರೆಯುತ್ತದೆ. ಇದು ಈಮ್ಯಾಕ್ಸ್ ಒಂದರ ಸಮಸ್ಯೆಯೂ ಅಲ್ಲ. ಫೈಲ್‌ನೊಳಗೇ ಎಡಿಟರ್‌ಗೆ ಸೂಚನೆ ಬರೆಯುವ ಮೋಡ್‌ಲೈನ್ ಸೌಲಭ್ಯದ ಮೂಲಕ ವಿಮ್ ಎಂಬ ಎಡಿಟರಿನಲ್ಲಿ ಕಮಾಂಡ್ ಓಡಿಸಬಹುದೆಂದು 2019ರಲ್ಲಿ ಗೊತ್ತಾಯಿತು. ರಸ್ಟ್ ಭಾಷೆಯ ಪ್ರಾಜೆಕ್ಟ್ ಒಂದನ್ನು ಆ ಭಾಷೆಯ ಕೋಡನ್ನು ವಿಶ್ಲೇಷಿಸುವ ರಸ್ಟ್-ಅನಲೈಜರ್ ಇರುವ ಎಡಿಟರಿನಲ್ಲಿ ತೆರೆದರೆ ಅದರ ಬಿಲ್ಡ್ ಸ್ಕ್ರಿಪ್ಟ್ (ಕಂಪೈಲ್ ಮಾಡುವ ಮುನ್ನ ಓಡುವ ಕೋಡ್) ಸಾಮಾನ್ಯವಾಗಿ ಓಡಿಯೇ ಓಡುತ್ತದೆ.

ಇನ್ನು ನಿರ್ಧಾರದ ವಿಷಯ. ನಾನು ಪಾಲಿಸುವ ಮಾನದಂಡ ಒಂದೇ: ಈ ಜಾಗಕ್ಕೆ ನನ್ನ ಕೈಯಿಂದಲ್ಲದೆ ಬೇರೆ ದಾರಿಯಿಂದ ಫೈಲ್ ಬರಲು ಸಾಧ್ಯವೇ? ಸಾಧ್ಯವಿದ್ದರೆ ಆ ಜಾಗ ನಂಬಿಕೆಗೆ ಅರ್ಹವಲ್ಲ. ಇನಿಟ್ ಫೈಲನ್ನು ಈಮ್ಯಾಕ್ಸ್ ಯಾರನ್ನೂ ಕೇಳದೆ ನಂಬುವುದಕ್ಕೆ ಕಾರಣ ಬೇರೆಯೇ ಇದೆ. ಪ್ರತಿ ಸಲ ಶುರುವಾಗುವಾಗಲೂ ಅದನ್ನು ಓಡಿಸಿಯೇ ಆಗಿರುತ್ತದೆ, ಆದ್ದರಿಂದ ತಪಾಸಣೆಯ ಹೊತ್ತಿಗೆ ಮಾತ್ರ ಅನುಮಾನಿಸಿ ಪ್ರಯೋಜನವಿಲ್ಲ. ನಿಮ್ಮ ‘ಲಿಸ್ಪ್’ ಡೈರೆಕ್ಟರಿಗೂ ಇದೇ ತರ್ಕ ಅನ್ವಯಿಸುತ್ತದೆ. ಅದರಲ್ಲಿರುವುದು ನೀವೇ ಬರೆದದ್ದು, ಇನಿಟ್ ಫೈಲ್ ಅದನ್ನು ಹೇಗೂ ಲೋಡ್ ಮಾಡುತ್ತದೆ. ಅದನ್ನು ‘ಟ್ರಸ್ಟೆಡ್-ಕಂಟೆಂಟ್’ ಪಟ್ಟಿಗೆ ಸೇರಿಸಿ. ಪ್ಯಾಕೇಜುಗಳಿರುವ ‘ಎಲ್ಪಾ’ ಡೈರೆಕ್ಟರಿಯನ್ನೂ ಸೇರಿಸಬಹುದು, ಏಕೆಂದರೆ ಇನ್‌ಸ್ಟಾಲ್ ಆಗುವಾಗಲೇ ಅಲ್ಲಿನ ಫೈಲ್‌ಗಳು ಕಂಪೈಲ್ ಆಗಿರುತ್ತವೆ.

ಹಾಗಾದರೆ ಇವೆಲ್ಲ ಇರುವ ‘.ಈಮ್ಯಾಕ್ಸ್.ಡಿ’ ಡೈರೆಕ್ಟರಿಯನ್ನು ಇಡಿಯಾಗಿ ನಂಬಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಬ್ಯಾಕಪ್ ಪ್ರತಿಗಳೆಲ್ಲ ಒಂದೇ ಕಡೆ ಇರಲಿ ಎಂದು ಅದರೊಳಗೇ ‘ಬ್ಯಾಕಪ್ಸ್’ ಎಂಬ ಡೈರೆಕ್ಟರಿ ಮಾಡಿಕೊಂಡವರು ನಮ್ಮಲ್ಲಿ ಅನೇಕರು. ಡೌನ್‌ಲೋಡ್ಸ್‌ನಲ್ಲಿದ್ದ ಅಪರಿಚಿತ ಫೈಲ್ ಒಂದರಲ್ಲಿ ಒಂದಕ್ಷರ ತಿದ್ದಿ ಸೇವ್ ಮಾಡಿದರೆ ಅದರ ಹಳೆಯ ಪ್ರತಿ ಅಲ್ಲಿಗೆ ಬಂದು ಕೂರುತ್ತದೆ, ಹೆಸರಿನ ಕೊನೆಯಲ್ಲಿ ಬ್ಯಾಕಪ್‌ನ ಗುರುತಿದ್ದರೂ ಈಮ್ಯಾಕ್ಸ್ ಆ ಗುರುತನ್ನು ಬಿಟ್ಟು ಮೂಲ ಹೆಸರಿಗೆ ತಕ್ಕ ಮೋಡ್‌ನಲ್ಲೇ ಅದನ್ನು ತೆರೆಯುತ್ತದೆ. ಡೌನ್‌ಲೋಡ್ಸ್‌ನಲ್ಲಿ ನಂಬದ ಫೈಲ್ ಬ್ಯಾಕಪ್ ಆದ ಮಾತ್ರಕ್ಕೆ ನಂಬಿಕಸ್ತನಾಗಬಾರದು. ಹೋಮ್ ಡೈರೆಕ್ಟರಿಯನ್ನು ಇಡೀ ನಂಬುವುದಂತೂ ‘:ಆಲ್’ಗೆ ತೀರ ಹತ್ತಿರದ್ದು, ಡೌನ್‌ಲೋಡ್ಸ್ ಇರುವುದು ಅದರೊಳಗೇ.

ನಿಜವಾಗಿ ಯೋಚನೆಗೆ ಹಚ್ಚುವುದು ಕೋಡಿನ ಆವೃತ್ತಿಗಳನ್ನು ನಿಭಾಯಿಸುವ ಗಿಟ್‌ನಿಂದ ಕ್ಲೋನ್ ಮಾಡಿಕೊಂಡ, ಅಂದರೆ ಇಡಿಯಾಗಿ ನಕಲಿಸಿಕೊಂಡ, ಪ್ರಾಜೆಕ್ಟುಗಳು. ಡೈರೆಕ್ಟರಿಯನ್ನು ನಂಬುವುದೆಂದರೆ ಇವತ್ತು ಅದರಲ್ಲಿರುವುದನ್ನು ಮಾತ್ರವಲ್ಲ, ನಾಳೆ ಪುಲ್ ಮಾಡಿ ಹೊಸ ಬದಲಾವಣೆಗಳನ್ನು ತರಿಸಿಕೊಂಡಾಗ ಬರುವುದನ್ನೂ ಈಗಲೇ ಒಪ್ಪಿಕೊಂಡಂತೆ. ವಿಮ್‌ನಿಂದ ಹುಟ್ಟಿದ ಎಡಿಟರ್ ನಿಯೋವಿಮ್ 0.9ರಲ್ಲಿ ಬಂದ ವ್ಯವಸ್ಥೆ ಈ ವಿಷಯದಲ್ಲಿ ನನಗೆ ಬಹಳ ಮೆಚ್ಚುಗೆಯಾಯಿತು: ಪ್ರಾಜೆಕ್ಟಿನೊಳಗಿನ ಸೆಟ್ಟಿಂಗ್ ಫೈಲನ್ನು ನೀವು ಒಮ್ಮೆ ಒಪ್ಪಿದರೆ ಅದರ ಹ್ಯಾಷ್ (ಒಳಗಿರುವುದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು) ಅನ್ನು ಬರೆದಿಟ್ಟುಕೊಳ್ಳುತ್ತದೆ, ಫೈಲ್‌ನಲ್ಲಿ ಒಂದಕ್ಷರ ಬದಲಾದರೂ ಮತ್ತೆ ಕೇಳುತ್ತದೆ. ಆದರೆ ದಿನಕ್ಕೆ ನೂರು ಸಲ ಸೇವ್ ಮಾಡುವ ಸ್ವಂತ ಕೋಡಿಗೆ ಈ ಕ್ರಮ ಹೊಂದುವುದಿಲ್ಲ. ನಮ್ಮದಕ್ಕೆ ಜಾಗವನ್ನು ನೋಡಿ ನಂಬುವುದು, ಪರರದಕ್ಕೆ ಒಳಗಿರುವುದನ್ನು ನೋಡಿ ನಂಬುವುದು ಸರಿಯೆಂದು ನನ್ನ ಅಭಿಪ್ರಾಯ. ಈಮ್ಯಾಕ್ಸ್‌ನ ಈ ವೇರಿಯಬಲ್‌ನಲ್ಲಿ ಮೊದಲನೆಯದಕ್ಕೆ ಮಾತ್ರ ಅವಕಾಶವಿರುವುದರಿಂದ, ಪರರದ್ದನ್ನು ಪಟ್ಟಿಯ ಹೊರಗೇ ಇಡುತ್ತೇನೆ. ಡೈರೆಕ್ಟರಿಯ ಮಾಲೀಕರು ಯಾರೆಂದು ಗಿಟ್ 2022ರಿಂದ ನೋಡುತ್ತಿದೆಯಲ್ಲ, ಅದು ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಲವರು ಬಳಸುವ ಯಂತ್ರದಲ್ಲಿ ಇನ್ನೊಬ್ಬರು ಇಟ್ಟ ಬಲೆಯಿಂದ ಅದು ಕಾಪಾಡುತ್ತದೆ. ನೀವೇ ಕ್ಲೋನ್ ಮಾಡಿದ್ದಕ್ಕೆ ಮಾಲೀಕರು ನೀವೇ ಆಗಿರುವುದರಿಂದ ಇಲ್ಲಿ ಅದರಿಂದ ಉಪಯೋಗವಿಲ್ಲ.

ವಿಎಸ್ ಕೋಡ್ ಎಂಬ ಎಡಿಟರ್ 2021ರಲ್ಲಿ ಬೇರೆ ದಾರಿ ಹಿಡಿಯಿತು. ಹೊಸ ಫೋಲ್ಡರ್ ತೆರೆದಾಗ ಇದನ್ನು ಬರೆದವರನ್ನು ನಂಬುತ್ತೀರಾ ಎಂದು ಕೇಳುತ್ತದೆ, ಇಲ್ಲವೆಂದರೆ ಟಾಸ್ಕ್ (ಕಮಾಂಡ್ ಓಡಿಸಲು ಬರೆದಿಟ್ಟ ಸೂಚನೆ), ಡೀಬಗ್ ಮೊದಲಾದವು ಇಲ್ಲದ ನಿರ್ಬಂಧಿತ ಸ್ಥಿತಿಯಲ್ಲಿ ತೆರೆಯುತ್ತದೆ. ನಂಬದೆಯೂ ಓದಬಹುದು ಎಂಬ ಆ ವ್ಯವಸ್ಥೆ ಒಳ್ಳೆಯದು. ಆದರೆ ಪ್ರಶ್ನೆ ಬರುವ ಹೊತ್ತಿಗೆ ಮನಸ್ಸೆಲ್ಲ ಕೋಡ್ ನೋಡುವ ಕಡೆ ಇರುತ್ತದೆ, ಬೆರಳು ಹೌದು ಎಂಬುದನ್ನೇ ಒತ್ತುತ್ತದೆ. ಫೋಲ್ಡರ್ ತೆರೆದ ಕೂಡಲೇ ಓಡುವಂತೆ ಟಾಸ್ಕ್ ಬರೆಯಲು ಅಲ್ಲಿ ಅವಕಾಶವಿದೆ. ಕೆಲಸ ಕೊಡುವವರ ಸೋಗಿನಲ್ಲಿ ಸಂದರ್ಶನದ ಅಸೈನ್‌ಮೆಂಟ್ ಎಂದು ರೆಪಾಸಿಟರಿ (ಪ್ರಾಜೆಕ್ಟಿನ ಕೋಡ್ ಸಂಗ್ರಹ) ಕಳಿಸುವ ವಂಚಕರು ಅದನ್ನು ಬಳಸಿಕೊಂಡಿರುವುದು ಭದ್ರತಾ ಸಂಶೋಧಕರ ವರದಿಗಳಲ್ಲಿದೆ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಇಂಥ ಅಸೈನ್‌ಮೆಂಟ್ ಬರುವುದು ಮಾಮೂಲು. ಅದನ್ನು ನಂಬಿದ ಫೋಲ್ಡರಿನೊಳಗೆ ಬಿಚ್ಚಬೇಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ನನ್ನ ಏರ್ಪಾಡು ಹೀಗಿದೆ. ಹೋಮ್‌ನಲ್ಲಿ ‘ಸ್ವಂತ’ ಮತ್ತು ‘ಹೊರಗಿನದು’ ಎಂಬ ಎರಡು ಡೈರೆಕ್ಟರಿಗಳಿವೆ. ಮೊದಲನೆಯದು ಪಟ್ಟಿಯಲ್ಲಿದೆ, ಎರಡನೆಯದು ಇಲ್ಲ. ಕ್ಲೋನ್ ಮಾಡುವುದೆಲ್ಲ ಎರಡನೆಯದಕ್ಕೆ. ನನ್ನದೇ ಪ್ರಾಜೆಕ್ಟಿಗೆ ಬೇರೆಯವರು ಕಳಿಸಿದ ಬ್ರಾಂಚ್ (ಬದಲಾವಣೆಗಳ ಪ್ರತ್ಯೇಕ ಕವಲು) ಪರಿಶೀಲಿಸಬೇಕಾದಾಗ ಅದನ್ನು ‘ಸ್ವಂತ’ದೊಳಗೆ ಚೆಕ್ಔಟ್ ಮಾಡದೆ, ಬ್ರಾಂಚನ್ನು ಬೇರೆ ಡೈರೆಕ್ಟರಿಯಲ್ಲಿ ಇಡಬಲ್ಲ ‘ಗಿಟ್ ವರ್ಕ್‌ಟ್ರೀ’ ಬಳಸಿ ‘ಹೊರಗಿನದು’ವಿನಲ್ಲಿ ತೆರೆದು ಓದುತ್ತೇನೆ, ಒಪ್ಪಿಗೆಯಾದ ಮೇಲೆ ಮರ್ಜ್ ಮಾಡುತ್ತೇನೆ. ಅಲ್ಲಿ ಫ್ಲೈಮೇಕ್‌ನ ಗೆರೆಗಳು ಕಾಣುವುದಿಲ್ಲ ಎಂಬುದು ನಿಜ, ಆದರೆ ಓದಲು ಅವು ಬೇಕೇ ಬೇಕೆಂದಿಲ್ಲ.

ಪಟ್ಟಿ ಬರೆಯುವಾಗ ಡೈರೆಕ್ಟರಿಯ ಹೆಸರಿನ ಕೊನೆಗೆ ಓರೆಗೆರೆ ಇರಲೇಬೇಕು, ಇಲ್ಲದಿದ್ದರೆ ಈಮ್ಯಾಕ್ಸ್ ಅದನ್ನು ಒಂದು ಫೈಲ್ ಎಂದು ಭಾವಿಸುತ್ತದೆ. ಹೋಲಿಕೆ ಅಕ್ಷರಕ್ಕೆ ಅಕ್ಷರ ನಡೆಯುವುದರಿಂದ ಹೋಮ್‌ನ ಪೂರ್ತಿ ದಾರಿಯನ್ನು ಬರೆಯದೆ ‘~/’ ಎಂದೇ ಆರಂಭಿಸಿ. ನಿಮ್ಮ ‘ಲಿಸ್ಪ್’ ಡೈರೆಕ್ಟರಿಯು ಸೆಟ್ಟಿಂಗ್ ಫೈಲ್‌ಗಳನ್ನಿಟ್ಟ ಡಾಟ್‌ಫೈಲ್ಸ್ ರೆಪಾಸಿಟರಿಗೆ ಹೋಗುವ ಸಿಮ್‌ಲಿಂಕ್ (ಬೇರೆ ಜಾಗವನ್ನು ತೋರಿಸುವ ಕೊಂಡಿ) ಆಗಿದ್ದರೆ, ಈಮ್ಯಾಕ್ಸ್ ನೋಡುವುದು ಫೈಲ್‌ನ ನಿಜವಾದ ಜಾಗವನ್ನು. ಲಿಂಕಿನ ಹೆಸರನ್ನು ಬಿಟ್ಟು ರೆಪಾಸಿಟರಿಯ ದಾರಿಯನ್ನೇ ಕೊಡಿ. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಆ ಫೈಲ್ ತೆರೆದಿರುವಾಗ ‘ಟ್ರಸ್ಟೆಡ್-ಕಂಟೆಂಟ್-ಪಿ’ ಎಂಬ ಫಂಕ್ಷನ್ನನ್ನು ‘ಮೆಟಾ-:’ ಮೂಲಕ ಕರೆಯಿರಿ. ‘ನಿಲ್’ (ನಂಬಿಕೆಯಿಲ್ಲ ಎಂಬ ಉತ್ತರ) ಬಂದರೆ ಪಟ್ಟಿಯಲ್ಲಿನ ದಾರಿಯನ್ನು ಮತ್ತೊಮ್ಮೆ ನೋಡಿಕೊಳ್ಳಿ.