ವಾಟ್‌ಸ್ಟ್ಯಾಕ್ಸ್ ಚಿತ್ರದ ಕೊನೆ ಎರಡು ಥರ ಯಾಕೆ?

ವಾಟ್‌ಸ್ಟ್ಯಾಕ್ಸ್ ಒಂದು ಸಂಗೀತ ಕಾರ್ಯಕ್ರಮದ ಸಾಕ್ಷ್ಯಚಿತ್ರ. ಅದರ ಒಂದು ಪ್ರತಿ ಒಂದು ಹಾಡಿನಿಂದ, ಇನ್ನೊಂದು ಬೇರೆ ಹಾಡಿನಿಂದ ಮುಗಿಯುವುದೇಕೆ ಎಂದು ಕೇಳಿದ್ದೀರಿ. ಎರಡೂ ಪ್ರತಿ ಅಸಲಿಯೇ. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್ ಕೊಲಿಸಿಯಂ ಕ್ರೀಡಾಂಗಣದಲ್ಲಿ ಕೊನೆಗೆ ವೇದಿಕೆಗೆ ಬಂದ ಗಾಯಕ ಐಸಾಕ್ ಹೇಯ್ಸ್ ‘ಶಾಫ್ಟ್’ ಚಿತ್ರದ ಹಾಡುಗಳನ್ನೂ ಹಾಡಿದರು. ಅವುಗಳ ಹಕ್ಕು ಎಂಜಿಎಂ ಚಿತ್ರಸಂಸ್ಥೆಯ ಕೈಯಲ್ಲಿತ್ತು. ಹಾಗಾಗಿ 1973ರ ಪ್ರತಿಯಲ್ಲಿ ಅವನ್ನು ತೆಗೆದು, ಬೇರೊಂದು ಹಾಡನ್ನು ಸ್ಟುಡಿಯೋದಲ್ಲಿ ಚಿತ್ರೀಕರಿಸಿ ಸೇರಿಸಿದರು. ಕೊನೆಯಲ್ಲಿ ಶಾಫ್ಟ್ ಹಾಡು ಕೇಳಿಸಿದರೆ ಅದು 2003ರ ಪುನರುಜ್ಜೀವಿತ ಪ್ರತಿ, ಅದನ್ನೇ ನೋಡಿ.

ಚಿತ್ರದಲ್ಲಿರುವ ಹಾಡುಗಳೆಲ್ಲವೂ ಕ್ರೀಡಾಂಗಣದ್ದಲ್ಲ ಅನ್ನೋದು ಗಮನದಲ್ಲಿರಲಿ. ಜಾನಿ ಟೇಲರ್ ಹಾಡಿದ್ದು ಕ್ಲಬ್‌ನಲ್ಲಿ, ದಿ ಎಮೋಷನ್ಸ್ ತಂಡ ಚರ್ಚ್‌ನಲ್ಲಿ. ಧ್ವನಿಮುದ್ರಿಕೆಯಲ್ಲೂ ಸ್ಟುಡಿಯೋ ಹಾಡಿಗೆ ಜನರ ಗದ್ದಲ ಬೆರೆಸಿದ್ದುಂಟು.

ಆರಂಭವನ್ನು ಮಾತ್ರ ಓಡಿಸಬೇಡಿ. ಗಾಯಕಿ ಕಿಮ್ ವೆಸ್ಟನ್ ಅಮೆರಿಕದ ರಾಷ್ಟ್ರಗೀತೆ ಹಾಡುವಾಗ ಬಹುತೇಕರು ಕುಳಿತೇ ಇರುತ್ತಾರೆ. ಆಮೇಲೆ ಕಪ್ಪು ಜನರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ ‘ನಾನೂ ಒಬ್ಬ ಮನುಷ್ಯ’ ಎಂಬರ್ಥದ ಘೋಷಣೆ ಹೇಳಿಸಿದ ಮೇಲೆ, ಕಪ್ಪು ಜನರ ರಾಷ್ಟ್ರಗೀತೆಗೆ ಅದೇ ಜನ ಮುಷ್ಟಿ ಎತ್ತಿ ನಿಲ್ಲುತ್ತಾರೆ. ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆ ವಾಟ್ಸ್‌ನಲ್ಲಿ 1965ರಲ್ಲಿ ನಡೆದ ದಂಗೆಯ ಏಳನೇ ವರ್ಷ, ಒಂದು ಡಾಲರ್ ಟಿಕೆಟ್, ಲಕ್ಷಕ್ಕೂ ಮೀರಿದ ಜನ: ಇಷ್ಟು ತಿಳಿದು ನೋಡಿದರೆ ಆ ದೃಶ್ಯದ ತೂಕ ಗೊತ್ತಾಗುತ್ತದೆ.

ಗಾಯಕ ರೂಫಸ್ ಥಾಮಸ್ ಭಾಗವೂ ಅಷ್ಟೇ ಮುಖ್ಯ. ಹುಲ್ಲು ಹಾಳಾಗಬಾರದೆಂದು ಮೈದಾನಕ್ಕೆ ಯಾರನ್ನೂ ಬಿಟ್ಟಿರಲಿಲ್ಲ. ಬೇಲಿ ಹಾರಿ ಕುಣಿಯಲು ಬಂದವರನ್ನು ಥಾಮಸ್ ಪೊಲೀಸರಿಲ್ಲದೆ, ಬರೀ ಮಾತಿನಲ್ಲೇ ವಾಪಸ್ ಕಳಿಸುತ್ತಾರೆ.