ಲಿನಕ್ಸ್‌ನಲ್ಲಿ ಯೂಟ್ಯೂಬ್ ಓಡುತ್ತದೆ, ಚಂದಾ ಕಟ್ಟಿದ ಸಿನಿಮಾ ಓಡುವುದಿಲ್ಲ, ಏಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೀರಿ; ಫೈರ್‌ಫಾಕ್ಸ್‌ನಲ್ಲಿ ಯೂಟ್ಯೂಬ್ ಚೆನ್ನಾಗಿಯೇ ಓಡುತ್ತದೆ; ಆದರೆ ಚಂದಾ ಕಟ್ಟಿರುವ ಸಿನಿಮಾ ತಾಣಗಳಲ್ಲಿ ಪೋಸ್ಟರು, ಕಥಾಸಾರ ಎಲ್ಲವೂ ಬಂದು, ಪ್ಲೇ ಒತ್ತಿದೊಡನೆ ಕಪ್ಪು ಪರದೆ ಮಾತ್ರ ಉಳಿಯುತ್ತದೆ; ಕ್ರೋಮಿಯಂ ಹಾಕಿ ನೋಡಿದರೂ ಅದೇ ಕಥೆ; ಆದ್ದರಿಂದ ವಿಂಡೋಸ್‌ಗೆ ಮರಳಬೇಕೇ ಎಂದು ಕೇಳಿದ್ದೀರಿ. ಮರಳಬೇಕಾಗಿಲ್ಲ. ಎರಡು ಬ್ರೌಸರುಗಳೂ ಸೋತ ಮೇಲೆ ದೋಷ ಲಿನಕ್ಸ್‌ನದೇ ಇರಬೇಕು ಎಂದು ನಿಮಗೆ ಅನ್ನಿಸಿರುವುದು ಸಹಜ. ಆದರೆ ಬಹುಮಟ್ಟಿಗೆ ಅವೆರಡೂ ಸೋತಿರುವುದು ಒಂದೇ ಸಾಮಾನು ಇಲ್ಲದ ಕಾರಣಕ್ಕೆ, ಮತ್ತು ಫೈರ್‌ಫಾಕ್ಸ್‌ಗೆ ಅದನ್ನು ತರಿಸಿಕೊಡುವುದು ಹತ್ತು ನಿಮಿಷದ ಕೆಲಸ.

ಅದಕ್ಕೂ ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ನಿಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬಂದಿರುವ ಯಾವುದಾದರೊಂದು ವಿಡಿಯೋವನ್ನು, ಅದು ನಾಮಕರಣದ್ದಾಗಲಿ ಗೃಹಪ್ರವೇಶದ್ದಾಗಲಿ, ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆ ಫೈಲನ್ನು ಮೌಸ್‌ನಿಂದ ಎಳೆದು ಫೈರ್‌ಫಾಕ್ಸ್‌ನ ಖಾಲಿ ಟ್ಯಾಬಿನೊಳಗೆ ಬಿಡಿ. ಯೂಟ್ಯೂಬ್ ಓಡುತ್ತಿರುವಾಗ ಇದೇಕೆ ಎಂದು ಕೇಳಬಹುದು. ಯೂಟ್ಯೂಬ್ ಹೆಚ್ಚಾಗಿ ಕಳುಹಿಸುವುದು ವಿಪಿ9 ಅಥವಾ ಎವಿ1 ರೂಪದ ವಿಡಿಯೋ. ಅವನ್ನು ಬಿಡಿಸುವ ವಿದ್ಯೆ ಫೈರ್‌ಫಾಕ್ಸ್‌ನ ಹೊಟ್ಟೆಯಲ್ಲಿಯೇ ಇದೆ. ಸಿನಿಮಾ ತಾಣಗಳು ಬಹಳಷ್ಟು ಸಲ ಬಳಸುವುದು, ಮತ್ತು ವಾಟ್ಸಾಪ್ ಬಳಸುವುದು, ಎಚ್.264 ಎಂಬ ರೂಪವನ್ನು. ಅದರ ಮೇಲೆ ಪೇಟೆಂಟುಗಳಿರುವುದರಿಂದ ಫೈರ್‌ಫಾಕ್ಸ್ ಲಿನಕ್ಸ್‌ನಲ್ಲಿ ಅದನ್ನು ತಾನೇ ಹೊತ್ತು ತರುವುದಿಲ್ಲ, ವ್ಯವಸ್ಥೆಯಲ್ಲಿರುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಸಂಗ್ರಹದಿಂದ ಎರವಲು ಪಡೆಯುತ್ತದೆ. ಹಾಗಾಗಿ ಯೂಟ್ಯೂಬ್ ಓಡಿತು ಎಂದ ಮಾತ್ರಕ್ಕೆ ಕೋಡೆಕ್, ಅಂದರೆ ವಿಡಿಯೋ ಬಿಡಿಸುವ ಆ ವಿದ್ಯೆ, ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ. ವಾಟ್ಸಾಪ್ ವಿಡಿಯೋ ಚಿತ್ರ, ಸದ್ದು ಎರಡರೊಂದಿಗೂ ಓಡಿದರೆ ಆ ಚಿಂತೆ ಮುಗಿಯಿತು. ಓಡದಿದ್ದರೆ ಮಿಂಟ್‌ನ ಮೆನುವಿನಲ್ಲಿ ಮಲ್ಟಿಮೀಡಿಯಾ ಕೋಡೆಕ್‌ಗಳನ್ನು ಹಾಕುವ ಆಯ್ಕೆಯನ್ನು ಒತ್ತಿ. ಅದು ಮಿಂಟ್-ಮೆಟಾ-ಕೋಡೆಕ್ಸ್ ಎಂಬ ಪ್ಯಾಕೇಜನ್ನು ತಂದು ಹಾಕುತ್ತದೆ, ಆಮೇಲೆ ಬ್ರೌಸರನ್ನು ಮುಚ್ಚಿ ತೆರೆದರಾಯಿತು. ಮಿಂಟ್ ಹಾಕುವಾಗ ಕೋಡೆಕ್ ಬೇಕೇ ಎಂದು ಕೇಳುವ ಚೌಕಕ್ಕೆ ಟಿಕ್ ಮಾಡಿದ್ದವರಿಗೆ ಇದು ಆಗಲೇ ಬಂದಿರುತ್ತದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಸಿನಿಮಾ ತಾಣಗಳು ವಿಡಿಯೋವನ್ನು ಬೀಗ ಹಾಕಿ ಕಳುಹಿಸುತ್ತವೆ. ಇದಕ್ಕೆ ಡಿಆರ್‌ಎಂ ಎನ್ನುತ್ತಾರೆ. ಪುಟವು ಬೀಗ ಹಾಕಿದ ವಿಡಿಯೋವನ್ನು ತರುತ್ತದೆ. ಬ್ರೌಸರಿನೊಳಗಿನ ಒಂದು ಪುಟ್ಟ ತಂತ್ರಾಂಶವು ತಾಣದ ಸರ್ವರಿಗೆ ಕೀಲಿ ಬೇಕೆಂದು ಅರ್ಜಿ ಬರೆಯುತ್ತದೆ. ಚಂದಾ ಚಾಲ್ತಿಯಲ್ಲಿದ್ದರೆ ಕೀಲಿ ಬರುತ್ತದೆ. ಆ ತಂತ್ರಾಂಶವೇ ಬೀಗ ತೆಗೆದು ಚಿತ್ರವನ್ನು ತೋರಿಸುತ್ತದೆ, ಕೀಲಿಯನ್ನು ಮಾತ್ರ ನಿಮ್ಮ ಕೈಗೆ ಕೊಡುವುದಿಲ್ಲ. ಬ್ರೌಸರಿಗೂ ಆ ತಂತ್ರಾಂಶಕ್ಕೂ ನಡುವಿನ ಮಾತುಕತೆಯ ಪದ್ಧತಿಯನ್ನು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2017ರ ಸೆಪ್ಟೆಂಬರಿನಲ್ಲಿ ಅಧಿಕೃತ ಮಾನದಂಡವಾಗಿ ಹೊರಡಿಸಿತು, ಅದನ್ನು ಪ್ರತಿಭಟಿಸಿ ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಘಟನೆ ಡಬ್ಲ್ಯು3ಸಿಯಿಂದಲೇ ಹೊರಬಂದಿತು. ಲಿನಕ್ಸ್ ಬ್ರೌಸರುಗಳಲ್ಲಿ ಬೀಗ ತೆಗೆಯುವ ಆ ತಂತ್ರಾಂಶದ ಹೆಸರು ವೈಡ್‌ವೈನ್. 2010ರಲ್ಲಿ ಗೂಗಲ್ ಅದರ ಕಂಪನಿಯನ್ನು ಕೊಂಡುಕೊಂಡಿತು. ಅದರ ಮೂಲಸಂಕೇತ ಯಾರಿಗೂ ತೆರೆದಿಲ್ಲ. ಮುಕ್ತ ತಂತ್ರಾಂಶವನ್ನು ನಂಬಿ ಲಿನಕ್ಸ್‌ಗೆ ಬಂದವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ, ನನಗೂ ಹಾಗೆಯೇ. ಆದರೂ ಮನೆಯವರೆಲ್ಲ ಕೂತು ಸಿನಿಮಾ ನೋಡುವ ರಾತ್ರಿ ನಾನು ಅದನ್ನು ಒಪ್ಪಿಕೊಂಡವನೇ. ಫೈರ್‌ಫಾಕ್ಸ್ ಅದನ್ನು ಬೇರೆಯೇ ಪ್ರಕ್ರಿಯೆಯಲ್ಲಿ, ಬೇಲಿ ಹಾಕಿ ಓಡಿಸುತ್ತದೆ ಎಂಬ ಸಮಾಧಾನವಿದೆ.

ಗೂಗಲ್ ಕ್ರೋಮ್ ವೈಡ್‌ವೈನನ್ನು ತನ್ನೊಂದಿಗೇ ತರುತ್ತದೆ. ಕ್ರೋಮಿಯಂ ಎಂಬುದು ಕ್ರೋಮ್‌ನ ಮುಕ್ತ ರೂಪವಾದ್ದರಿಂದ, ಮುಚ್ಚಿದ ಈ ಭಾಗ ಅದರಲ್ಲಿ ಇರುವುದಿಲ್ಲ. ನಿಮ್ಮ ಎರಡನೆಯ ಪ್ರಯತ್ನ ಸೋತಿದ್ದು ಇದಕ್ಕೇ. ಫೈರ್‌ಫಾಕ್ಸ್‌ದು ಇವೆರಡರ ನಡುವಿನ ದಾರಿ: 2016ರಲ್ಲಿ ಬಂದ 49ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿಯೂ ವೈಡ್‌ವೈನ್‌ಗೆ ಅವಕಾಶವಿದೆ, ಆದರೆ ನೀವು ಒಪ್ಪಿಗೆ ಕೊಡುವ ತನಕ ಅದು ತಾನಾಗಿ ಇಳಿದುಬರುವುದಿಲ್ಲ. ಒಪ್ಪಿಗೆ ಕೇಳುವ ಪಟ್ಟಿಯೊಂದು ಪುಟದ ಮೇಲ್ಭಾಗದಲ್ಲಿ ಮೂಡುತ್ತದೆ. ಅವಸರದಲ್ಲಿ ನಾವೆಲ್ಲರೂ ಅಂಥದ್ದನ್ನು ಜಾಹೀರಾತು ಎಂದುಕೊಂಡು ಮುಚ್ಚಿಬಿಡುತ್ತೇವೆ, ನೀವೂ ಮುಚ್ಚಿರಬಹುದು. ಅಡ್ಡಿಯಿಲ್ಲ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್ ತೆರೆದು, ಜನರಲ್ ವಿಭಾಗದಲ್ಲಿ ಕೆಳಗೆ ಇಳಿದು, ಡಿಆರ್‌ಎಂ ಇರುವ ವಿಷಯವನ್ನು ಓಡಿಸು ಎಂಬ ಚೌಕಕ್ಕೆ ಟಿಕ್ ಮಾಡಿ. ಆಮೇಲೆ ಆಡ್-ಆನ್ಸ್ ಪುಟದ ಪ್ಲಗಿನ್ಸ್ ಭಾಗಕ್ಕೆ ಹೋಗಿ ನೋಡಿದರೆ ವೈಡ್‌ವೈನ್ ಹೆಸರು ಕಾಣಿಸುತ್ತದೆ. ಮೊದಲ ಒಂದೆರಡು ನಿಮಿಷ ಅಲ್ಲಿ ‘ಸ್ವಲ್ಪದರಲ್ಲೇ ಸ್ಥಾಪನೆಯಾಗಲಿದೆ’ ಎಂಬ ಅರ್ಥದ ಸಾಲು ಇರುತ್ತದೆ; ಆ ಸಾಲು ಹೋಗಿ ಆವೃತ್ತಿ ಸಂಖ್ಯೆ ಬಂದ ಮೇಲೆಯೇ ಸಿನಿಮಾ ಪುಟವನ್ನು ಮತ್ತೆ ತೆರೆಯಿರಿ. ಸಾಲು ಹಾಗೆಯೇ ಕೂತಿದ್ದರೆ, ಮೇಲಿನ ಹಲ್ಲುಚಕ್ರದ ಗುರುತನ್ನು ಒತ್ತಿ ಅಪ್‌ಡೇಟ್ ಹುಡುಕಲು ಹೇಳಿ. ಜಾಹೀರಾತು ತಡೆಯಲೆಂದು ಮನೆಯ ರೌಟರಿನಲ್ಲಿ ಏನಾದರೂ ಸೋಸುವ ವ್ಯವಸ್ಥೆ ಮಾಡಿಕೊಂಡಿದ್ದರೆ ಅದನ್ನೂ ಒಮ್ಮೆ ಅನುಮಾನಿಸಿ.

ನೂರರಲ್ಲಿ ತೊಂಬತ್ತು ಜನರಿಗೆ ಇಲ್ಲಿಗೆ ಸಿನಿಮಾ ಶುರುವಾಗುತ್ತದೆ ಎಂಬುದು ನನ್ನ ಅಂದಾಜು. ಉಳಿದ ಹತ್ತರಲ್ಲಿ ಒಬ್ಬನಾಗಿ ನಾನು ಎರಡು ಸಂಜೆ ಒದ್ದಾಡಿದ್ದುಂಟು. ವೈಡ್‌ವೈನ್ ಇಳಿದಿತ್ತು, ಆವೃತ್ತಿ ಸಂಖ್ಯೆಯೂ ಕಾಣುತ್ತಿತ್ತು, ಆದರೆ ಪ್ಲೇ ಒತ್ತಿದಾಗಲೆಲ್ಲ ವೈಡ್‌ವೈನ್ ಪ್ಲಗಿನ್ ಕುಸಿದುಬಿದ್ದಿದೆ ಎಂಬ ಸಂದೇಶ. ಫೈರ್‌ಫಾಕ್ಸ್ ತೆಗೆದು ಹಾಕಿದೆ, ಹೊಸ ಪ್ರೊಫೈಲ್ ಮಾಡಿದೆ, ಏನೂ ಆಗಲಿಲ್ಲ. ಎರಡನೆಯ ಸಂಜೆ ಬೇರೆ ಯಾವುದೋ ಕೆಲಸಕ್ಕೆಂದು ಹೋಮ್ ಫೋಲ್ಡರಿನಲ್ಲಿ ಎರಡು ಸಾಲಿನ ಸ್ಕ್ರಿಪ್ಟ್ ಬರೆದು, ಅದಕ್ಕೆ ಓಡುವ ಅನುಮತಿಯನ್ನೂ ಕೊಟ್ಟು ಓಡಿಸಿದರೆ, ‘ಪರ್ಮಿಶನ್ ಡಿನೈಡ್’ ಎಂದಿತು. ಆಗ ಹೊಳೆಯಿತು. ಹೋಮ್ ಫೋಲ್ಡರನ್ನು ನಾನು ಡಿಸ್ಕಿನ ಬೇರೆ ಪಾರ್ಟಿಶನ್ನಿನಲ್ಲಿ, ಅಂದರೆ ಬೇರೆ ವಿಭಾಗದಲ್ಲಿ, ಇಟ್ಟಿದ್ದೆ, ಮತ್ತು ಅದನ್ನು ಮೌಂಟ್ ಮಾಡುವ, ಅಂದರೆ ವ್ಯವಸ್ಥೆಗೆ ಜೋಡಿಸುವ, ಎಫ್‌ಎಸ್‌ಟ್ಯಾಬ್ ಎಂಬ ಫೈಲಿನ ಸಾಲಿನಲ್ಲಿ, ಹಿಂದೆಂದೋ ಬೇರೊಂದು ಡಿಸ್ಕಿನ ಸಾಲಿನಿಂದ ನಕಲು ಮಾಡಿದ ‘ಯೂಸರ್’ ಎಂಬ ಆಯ್ಕೆ ಉಳಿದುಕೊಂಡಿತ್ತು. ಆ ಒಂದು ಪದ ತನ್ನ ಹಿಂದೆಯೇ ‘ನೋಎಕ್ಸೆಕ್’ ಅನ್ನು, ಅಂದರೆ ಈ ಪಾರ್ಟಿಶನ್ನಿನಿಂದ ಯಾವ ಪ್ರೋಗ್ರಾಮನ್ನೂ ಓಡಿಸಕೂಡದು ಎಂಬ ಕಟ್ಟಳೆಯನ್ನು, ಬಾಯಿ ಬಿಡದೆ ಕರೆತರುತ್ತದೆ. ಫೈರ್‌ಫಾಕ್ಸ್ ವೈಡ್‌ವೈನನ್ನು ಇರಿಸುವುದು ಹೋಮ್ ಫೋಲ್ಡರಿನೊಳಗಿನ ಪ್ರೊಫೈಲಿನಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಓಡಲು ಬಿಡಲಿಲ್ಲ. ಸಾಲಿನಲ್ಲಿ ‘ಯೂಸರ್’ ಇದ್ದ ಜಾಗದಲ್ಲಿ ‘ಡಿಫಾಲ್ಟ್ಸ್’ ಎಂದು ಬರೆದು ರೀಬೂಟ್ ಮಾಡಿದೆ, ಸಿನಿಮಾ ಓಡಿತು. ಹೋಮ್ ಬೇರೆ ಪಾರ್ಟಿಶನ್ನಿನಲ್ಲಿ ಇಲ್ಲದಿದ್ದರೆ ಈ ಇಡೀ ಪ್ರಸಂಗವನ್ನು ನೀವು ಮರೆಯಬಹುದು.

ಫೈರ್‌ಫಾಕ್ಸ್ ಏನು ಮಾಡಿದರೂ ಒಗ್ಗದಿದ್ದರೆ, ಗೂಗಲ್‌ನ ತಾಣದಿಂದ ಕ್ರೋಮ್‌ನ ಡೆಬ್ ಎಂಬ ಸ್ಥಾಪನಾ ಫೈಲನ್ನು ಇಳಿಸಿ, ಅದರ ಮೇಲೆ ಎರಡು ಸಲ ಒತ್ತಿ ಹಾಕಿಕೊಳ್ಳಿ. ಮುಂದಿನ ಅಪ್‌ಡೇಟುಗಳು ಮಿಂಟ್‌ನ ಅಪ್‌ಡೇಟ್ ಮ್ಯಾನೇಜರಿನ ಮೂಲಕವೇ ಬರುತ್ತವೆ. ಇದಕ್ಕೆ 64 ಬಿಟ್‌ನ ವ್ಯವಸ್ಥೆ ಇರಲೇಬೇಕು, ಏಕೆಂದರೆ 32 ಬಿಟ್ ಲಿನಕ್ಸ್‌ಗೆ ಕ್ರೋಮ್ ಬರುವುದು 2016ರಲ್ಲಿಯೇ ನಿಂತಿದೆ.

ಸಿನಿಮಾ ಓಡಿದ ಮೇಲೆ ಚಿತ್ರ ಸ್ವಲ್ಪ ಮಂಕಾಗಿದೆ ಎಂದು ನಿಮಗೆ ಅನ್ನಿಸಬಹುದು. ಅದು ನಿಮ್ಮ ಕಣ್ಣಿನ ದೋಷವಲ್ಲ, ಇಂಟರ್ನೆಟ್ಟಿನದೂ ಅಲ್ಲ. ವೈಡ್‌ವೈನ್‌ನಲ್ಲಿ ಎಲ್1, ಎಲ್2, ಎಲ್3 ಎಂದು ಮೂರು ಹಂತಗಳಿವೆ. ಬೀಗ ತೆಗೆಯುವುದೂ ಚಿತ್ರ ಬಿಡಿಸುವುದೂ ಹಾರ್ಡ್‌ವೇರಿನ ಭದ್ರ ಭಾಗದೊಳಗೆ ನಡೆದರೆ ಎಲ್1. ಒಳ್ಳೆಯ ಮೊಬೈಲುಗಳಲ್ಲಿ, ಟಿವಿಗಳಲ್ಲಿ ಇರುವುದು ಇದೇ. ಲಿನಕ್ಸ್ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಎಲ್ಲವೂ ಸಾಫ್ಟ್‌ವೇರಿನಲ್ಲೇ ನಡೆಯುವುದರಿಂದ ಸಿಗುವುದು ಎಲ್3 ಮಾತ್ರ, ಮತ್ತು ಎಲ್3 ಕಂಡೊಡನೆ ತಾಣಗಳು ತಮ್ಮ ತಮ್ಮ ಕರಾರಿನಂತೆ ಗುಣಮಟ್ಟವನ್ನು ಇಳಿಸುತ್ತವೆ. ಒಂದು ತಾಣ 720ಪಿ ಕೊಟ್ಟರೆ ಇನ್ನೊಂದು 480ಪಿಯಲ್ಲೇ ನಿಲ್ಲಿಸೀತು, 4ಕೆಯನ್ನಂತೂ ಮರೆತುಬಿಡಿ. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ಮಾತ್ರ ನೋಡುವವರು 4ಕೆ ಇರುವ ದುಬಾರಿ ಚಂದಾ ಕಟ್ಟುವುದು ಶುದ್ಧ ದಂಡ. ಇರುವುದರಲ್ಲಿ ಕೆಳಗಿನದನ್ನು ಒಂದು ತಿಂಗಳಿಗೆ ತೆಗೆದುಕೊಂಡು, ಚಿತ್ರ ಹೇಗೆ ಬರುತ್ತದೆ ಎಂದು ನೋಡಿದ ಮೇಲೆಯೇ ವರ್ಷದ ಮಾತು ಆಡಿ.

ಕೆಲವೊಮ್ಮೆ ತಾಣವೇ ಲಿನಕ್ಸನ್ನು ಹೊರಗಿಡುವುದೂ ಇದೆ. 2019ರಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ಲಿನಕ್ಸ್ ಬಳಕೆದಾರರಿಗೆ ಸಿನಿಮಾದ ಬದಲು 83 ಎಂಬ ದೋಷಸಂಖ್ಯೆ ಸಿಕ್ಕಿತ್ತು, ಏಕೆಂದರೆ ಲಿನಕ್ಸ್‌ನ ವೈಡ್‌ವೈನ್ ಕೊಡಬಲ್ಲದ್ದಕ್ಕಿಂತ ಹೆಚ್ಚಿನ ಭದ್ರತೆಯನ್ನು ಆ ಸೇವೆ ಕೇಳುತ್ತಿತ್ತು. ಮುಂದೆ ಅವರೇ ಅದನ್ನು ಸಡಿಲಿಸಿದರು. ಬ್ರೌಸರ್ ತನ್ನನ್ನು ವಿಂಡೋಸ್ ಎಂದು ಹೇಳಿಕೊಳ್ಳುವಂತೆ ಮಾಡುವ ವಿಸ್ತರಣೆಗಳು ಇಂಥ ಕಡೆ ಕೆಲಸಕ್ಕೆ ಬರುತ್ತವೆ ಎಂದು ಹಲವರು ಹೇಳುತ್ತಾರೆ. ತಾಣವು ಹೆಸರು ಮಾತ್ರ ನೋಡಿ ಬಾಗಿಲು ಹಾಕುತ್ತಿದ್ದರೆ ಉಪಾಯ ಫಲಿಸುತ್ತದೆ. ಎಲ್1 ಬೇಕೆಂದು ಹಟ ಹಿಡಿದಿದ್ದರೆ ವೇಷ ಬದಲಿಸಿ ಪ್ರಯೋಜನವಿಲ್ಲ. ಹುಡುಕಿದಾಗ ಸಿಗುವ ಹಳೆಯ ಸಲಹೆಗಳಲ್ಲಿ ಫ್ಲ್ಯಾಶ್, ಹ್ಯಾಲ್, ಸಿಲ್ವರ್‌ಲೈಟ್, ಪೈಪ್‌ಲೈಟ್ ಎಂಬ, ಹಿಂದೆ ಇಂಥ ವಿಡಿಯೋ ಓಡಿಸಲು ಬೇಕಾಗಿದ್ದ ತಂತ್ರಾಂಶಗಳ ಹೆಸರುಗಳು ಕಂಡರೆ ಆ ಪುಟವನ್ನು ಅಲ್ಲಿಗೇ ಮುಚ್ಚಿಬಿಡಿ. ನೆಟ್‌ಫ್ಲಿಕ್ಸ್ 2014ರಲ್ಲಿಯೇ ಲಿನಕ್ಸ್‌ನ ಕ್ರೋಮ್‌ನಲ್ಲಿ ನೇರವಾಗಿ ಓಡತೊಡಗಿತು, 2016ರ ಜನವರಿಯಲ್ಲಿ ಅದು ಭಾರತಕ್ಕೆ ಬರುವ ಹೊತ್ತಿಗೆ ಸಿಲ್ವರ್‌ಲೈಟ್‌ನ ಗೋಳು ಮುಗಿದಿತ್ತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.

ನಿಮ್ಮ ಲ್ಯಾಪ್‌ಟಾಪ್ ಹಳೆಯದು ಎಂದಿದ್ದೀರಿ, ಹಾಗಾಗಿ ಇನ್ನೊಂದು ತೊಂದರೆಯನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು: ವಿಡಿಯೋ ಓಡುತ್ತದೆ, ಆದರೆ ಫ್ಯಾನ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಚಿತ್ರ ಆಗಾಗ ತಡವರಿಸುತ್ತದೆ. ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಭಾಗ ಮಾಡಿದರೆ ಯಂತ್ರ ತಣ್ಣಗಿರುತ್ತದೆ. ಪ್ರೊಸೆಸರ್ ಒಂದೇ ಹೊತ್ತರೆ ಬಿಸಿಯಾಗುತ್ತದೆ. ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಎಚ್.264 ಬಿಡಿಸಲು ಬರುತ್ತದೆ, ವಿಪಿ9 ಬರುವುದಿಲ್ಲ. ವಿಪಿ9 ಪೂರ್ತಿಯಾಗಿ ಬಂದದ್ದು 7ನೇ ತಲೆಮಾರಿನಲ್ಲಿ, ಎವಿ1 ಬಂದದ್ದು 11ನೆಯದರಲ್ಲಿ. ಹೀಗಾಗಿ ಚೆನ್ನಾಗಿ ಓಡುತ್ತಿದೆ ಎಂದು ನೀವು ಹೇಳುವ ಆ ಯೂಟ್ಯೂಬ್ ಕೂಡ ಹಳೆಯ ಯಂತ್ರಕ್ಕೆ ಕಷ್ಟ ಕೊಡಬಲ್ಲದು. ಫೈರ್‌ಫಾಕ್ಸ್‌ಗೆ ಎನ್‌ಹ್ಯಾನ್ಸ್ಡ್-ಎಚ್264ಫೈ ಎಂಬ ವಿಸ್ತರಣೆ ಹಾಕಿಕೊಂಡರೆ ಯೂಟ್ಯೂಬ್ ಎಚ್.264 ವಿಡಿಯೋವನ್ನೇ ಕಳುಹಿಸುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಆಗ ಸಿಗುವುದಿಲ್ಲ, ಹಳೆಯ ಲ್ಯಾಪ್‌ಟಾಪಿನ ಪರದೆಗೆ ಅದು ಬೇಕಾಗಿಯೂ ಇಲ್ಲ. ಇಂಟೆಲ್ ಗ್ರಾಫಿಕ್ಸ್ ಇರುವ ಲಿನಕ್ಸ್ ಯಂತ್ರಗಳಲ್ಲಿ ಹಾರ್ಡ್‌ವೇರಿನ ನೆರವನ್ನು ಫೈರ್‌ಫಾಕ್ಸ್ 2023ರ ಜುಲೈನ 115ನೇ ಆವೃತ್ತಿಯಿಂದ ತಾನಾಗಿಯೇ ಪಡೆಯುತ್ತದೆ, ಆದ್ದರಿಂದ ಬ್ರೌಸರ್ ಹೊಸದಾಗಿದ್ದರೆ ಬೇರೇನೂ ತಿರುಚಬೇಕಿಲ್ಲ.

ಇಷ್ಟಾದ ಮೇಲೂ ಕಪ್ಪು ಪರದೆಯೇ ಇದ್ದರೆ, ವಾಟ್ಸಾಪ್ ವಿಡಿಯೋ ಓಡಿತೇ ಇಲ್ಲವೇ, ಪ್ಲಗಿನ್ಸ್ ಪುಟದಲ್ಲಿ ವೈಡ್‌ವೈನ್‌ನ ಮುಂದೆ ಏನು ಬರೆದಿದೆ, ಪರದೆಯ ಮೇಲೆ ಯಾವ ದೋಷಸಂಖ್ಯೆ ಕಾಣುತ್ತದೆ, ಈ ಮೂರನ್ನು ಬರೆಯಿರಿ. ಅವು ಸಿಕ್ಕರೆ ಮುಂದಿನದನ್ನು ನೋಡೋಣ.