ಹತ್ತು-ಹನ್ನೆರಡು ಮಂದಿ ಕೂಡಿ ಆಡೋಕೆ ಯಾವ ಆಟ ಚೆಂದ?

ಹಬ್ಬಕ್ಕೆ ನೆಂಟರು ಬಂದಾಗ ಮನೆಯಲ್ಲಿ ಹತ್ತು-ಹನ್ನೆರಡು ಮಂದಿ ಆಗ್ತೀವಿ, ಸಣ್ಣ ಹುಡುಗರಿಂದ ಹಿಡಿದು ಅಜ್ಜಿವರೆಗೆ ಎಲ್ಲರೂ ನಗ್ತಾ ಆಡುವಂಥ ಆಟ ಹೇಳಿ ಅಂತ ಕೇಳಿದ್ದೀರಿ. ನಾನು ಕೊಪ್ಪಳದವಳು. ಗವಿಮಠದ ಅಜ್ಜನ ಜಾತ್ರೆ ಬಂತೆಂದರೆ ನಮ್ಮನೆಯದೂ ಇದೇ ಕಥೆ. ತೇರು ಎಳೆದ ಮರುದಿನ ಪಡಸಾಲೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ನನ್ನನ್ನು ಕೇಳಿದರೆ ಸೀಕ್ವೆನ್ಸ್ ಅನ್ನೋ ಇಸ್ಪೀಟಿನ ಆಟ ಆಡಿ.

ಚೌಕಾಬಾರಕ್ಕೆ ನಾಲ್ಕು ಮಂದಿ ಸಾಕು, ಉಳಿದವರು ಸುತ್ತ ಕೂತು ನೋಡಬೇಕು. ಊನೋ ಹತ್ತು ಮಂದಿ ಆಡಬಹುದು ನಿಜ, ಆದರೆ ನಮ್ಮ ಕಡೆ ಅದನ್ನು ಕೊನೆಗೊಬ್ಬ ಉಳಿಯೋವರೆಗೆ ಎಳೀತಾರೆ. ಮೊದಲು ಎಲೆ ಮುಗಿಸಿದವರು ಮೊಬೈಲ್ ಹಿಡಿದು ಮೂಲೆ ಸೇರ್ತಾರೆ. ಸೀಕ್ವೆನ್ಸ್‌ನಲ್ಲಿ ಯಾರೂ ಔಟಾಗೋದೇ ಇಲ್ಲ. ಆಟ ಮುಗಿಯೋವರೆಗೆ ಎಲ್ಲರ ಕೈಯಲ್ಲೂ ಎಲೆ ಇರುತ್ತೆ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತೆ.

ಇಸ್ಪೀಟು ಎಲೆ, ಮಣೆ ಎರಡೂ ಬೇಕಾದ ಆಟ ಇದು. ಡಗ್ ರಾಯ್ಟರ್ ಎಂಬ ಅಮೆರಿಕದವರು ರೂಪಿಸಿದ್ದು, 1982ರಲ್ಲಿ ಮಾರುಕಟ್ಟೆಗೆ ಬಂತು. ಮಣೆಯಲ್ಲಿ 100 ಮನೆ. ಗುಲಾಮ ಬಿಟ್ಟು ಉಳಿದ ಪ್ರತಿ ಎಲೆಯ ಚಿತ್ರವೂ ಎರಡೆರಡು ಕಡೆ ಇರುತ್ತೆ, ಹಾಗಾಗಿ 96 ಮನೆ. ನಾಲ್ಕು ಮೂಲೆಗಳು ಎಲ್ಲರಿಗೂ ಸೇರಿದ್ದು. ನಿಮ್ಮ ಪಾಳಿ ಬಂದಾಗ ಕೈಯಲ್ಲಿರೋ ಒಂದು ಎಲೆ ಇಳಿಸಿ, ಮಣೆಯ ಮೇಲೆ ಅದೇ ಎಲೆ ಇರುವ ಮನೆಯಲ್ಲಿ ನಿಮ್ಮ ತಂಡದ ಕಾಯಿ ಇಡಬೇಕು, ಕಟ್ಟಿನಿಂದ ಇನ್ನೊಂದು ಎಲೆ ಎತ್ತಬೇಕು. ಅಡ್ಡ, ಉದ್ದ, ಓರೆ, ಹೇಗಾದರೂ ಐದು ಕಾಯಿ ಸಾಲಾದರೆ ಒಂದು ಸೀಕ್ವೆನ್ಸ್. ಮೂಲೆ ಸೇರಿದರೆ ನಾಲ್ಕೇ ಕಾಯಿ ಸಾಕು. ಎರಡು ತಂಡ ಇದ್ದರೆ ಗೆಲ್ಲೋಕೆ ಎರಡು ಸಾಲು, ಮೂರು ತಂಡ ಇದ್ದರೆ ಒಂದೇ ಸಾಲು.

ಮಜಾ ಎಲ್ಲಾ ಇರೋದು ಗುಲಾಮನಲ್ಲಿ. ಕ್ಲಾವರ್, ಡೈಮಂಡ್ ಗುಲಾಮರ ಎರಡೂ ಕಣ್ಣು ಕಾಣುತ್ತೆ. ಅದು ಬಂದರೆ ಬೇಕಾದ ಖಾಲಿ ಮನೆಯಲ್ಲಿ ಕಾಯಿ ಇಡಬಹುದು. ಇಸ್ಪೇಟು, ಹಾರ್ಟ್ ಗುಲಾಮರು ಪಕ್ಕಕ್ಕೆ ತಿರುಗಿದವರು, ಒಂದೇ ಕಣ್ಣು. ಅದರಿಂದ ಎದುರಿನವರ ಒಂದು ಕಾಯಿ ಎತ್ತಬಹುದು. ಪೂರ್ತಿಯಾದ ಸಾಲನ್ನು ಮಾತ್ರ ಮುಟ್ಟುವಂತಿಲ್ಲ, ಎತ್ತಿದ ಜಾಗದಲ್ಲಿ ಅದೇ ಪಾಳಿಯಲ್ಲಿ ತನ್ನ ಕಾಯಿ ಇಡುವಂತೆಯೂ ಇಲ್ಲ. ಹೋದ ಜಾತ್ರೆಯಲ್ಲಿ ನನ್ನ ತಂಗಿಯ ಗಂಡ ನಾಲ್ಕು ಕಾಯಿ ಕೂರಿಸಿ ಐದನೆಯದಕ್ಕೆ ಕಾಯ್ತಾ ಕೂತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು, ಹಾರ್ಟ್ ಗುಲಾಮನನ್ನು ಮೆಲ್ಲಗೆ ಇಳಿಸಿ, ನಡುವಿನ ಕಾಯಿ ಎತ್ತಿ ಅವರ ಅಂಗೈಯಲ್ಲೇ ಇಟ್ಟಳು. "ಸಿಟ್ಟು ಮಾಡ್ಕೋಬ್ಯಾಡ್ರಿ ಅಳಿಯಂದ್ರ, ಆಟ ಆಟನ" ಅಂದಳು. ಮಿರ್ಚಿ ಕರೀತಿದ್ದ ಚಿಗವ್ವ ಝಾರಿ ಹಿಡಿದುಕೊಂಡೇ ಓಡಿ ಬಂದು ನೋಡಿದರು. ಎದುರು ಕೂತು ಮಾತಾಡೋಕೂ ಸಂಕೋಚಪಡುವ ಅತ್ತೆ-ಅಳಿಯ ಅವತ್ತು ಸಂಜೆವರೆಗೆ ಒಬ್ಬರನ್ನೊಬ್ಬರು ಛೇಡಿಸಿದ್ದೇ ಛೇಡಿಸಿದ್ದು.

ಕೂರುವ ಕ್ರಮ ತಪ್ಪಬಾರದು. ಒಂದು ತಂಡದವರ ಪಕ್ಕ ಇನ್ನೊಂದು ತಂಡದವರು, ಹೀಗೆ ಒಬ್ಬರ ಬಿಟ್ಟು ಒಬ್ಬರು. ಆರು ಮಂದಿಗೆ ಐದೈದು ಎಲೆ, ಎಂಟು ಒಂಬತ್ತು ಮಂದಿಗೆ ನಾಲ್ಕು, ಹತ್ತು ಹನ್ನೆರಡಕ್ಕೆ ಮೂರು. ಜೊತೆಯವರಿಗೆ ಬಾಯಿಬಿಟ್ಟು ಹೇಳಿಕೊಟ್ಟರೆ ಆ ತಂಡದ ಎಲ್ಲರೂ ಒಂದೊಂದು ಎಲೆ ಕಳಕೊಳ್ಳಬೇಕು. ಈ ನಿಯಮ ಸಡಿಲ ಮಾಡಬೇಡಿ. ಬಾಯಿ ಕಟ್ಟಿಕೊಂಡು, ಹುಬ್ಬು ಹಾರಿಸದೆ ಕೂರೋಕೆ ಒದ್ದಾಡುವ ಕಾಕಂದಿರನ್ನು ನೋಡೋದೇ ಅರ್ಧ ಆಟ. ಏಳು, ಹನ್ನೊಂದು ಮಂದಿ ಆದರೆ ತಂಡ ಸಮ ಬರಲ್ಲ. ಆಗ ಅಜ್ಜಿಯನ್ನೂ ಸಣ್ಣ ಮೊಮ್ಮಗನನ್ನೂ ಒಂದೇ ಕೈಗೆ ಕೂರಿಸಿ. ಹುಡುಗ ಎಲೆ ಓದ್ತಾನೆ, ಎಲ್ಲಿ ಇಡಬೇಕು ಅನ್ನೋದನ್ನ ಅಜ್ಜಿ ಹೇಳ್ತಾರೆ.

ಡಬ್ಬಿ ಕೊಳ್ಳಲೇಬೇಕು ಅಂತೇನಿಲ್ಲ. ನಾವು ಆಡೋದು ಮನೆಯಲ್ಲೇ ಮಾಡಿದ ಮಣೆ. ಒಂದೇ ಅಳತೆಯ ನಾಲ್ಕು ಕಟ್ಟು ಎಲೆ ತನ್ನಿ. ಎರಡು ಕಟ್ಟು ಮಣೆಗೆ, ಎರಡು ಕಟ್ಟು ಆಡೋಕೆ. ಮಣೆಯ ಎರಡು ಕಟ್ಟಿನಿಂದ ಜೋಕರ್, ಗುಲಾಮ ತೆಗೆದರೆ ಸರಿಯಾಗಿ 96 ಉಳಿಯುತ್ತೆ. ಡ್ರಾಯಿಂಗ್ ಶೀಟ್ ಜೋಡಿಸಿ ಹತ್ತು ಸಾಲು, ಸಾಲಿಗೆ ಹತ್ತರಂತೆ ಅಂಟಿಸಿ, ಮೂಲೆಗಳನ್ನು ಖಾಲಿ ಬಿಡಿ. ಒಂದೇ ಥರದ ಎರಡು ಎಲೆ ಹತ್ತಿರ ಹತ್ತಿರ ಬರದಂತೆ ನೋಡಿಕೊಳ್ಳಿ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಕಿದರೆ ವರ್ಷಗಟ್ಟಲೆ ಬಾಳುತ್ತೆ. ಮಣೆ ಸುಮಾರು ಎರಡಡಿ ಅಗಲ, ಮೂರಡಿ ಉದ್ದ ಆಗುತ್ತೆ, ನೆಲದ ಮೇಲೆ ಸುತ್ತ ಕೂರೋಕೆ ಅಷ್ಟು ಬೇಕೇ ಬೇಕು. ಎಲೆಯ ಚಿತ್ರ ಎರಡೂ ತುದಿಯಿಂದ ಒಂದೇ ಥರ ಕಾಣೋದ್ರಿಂದ ಎದುರು ಬದಿ ಕೂತವರಿಗೂ ತಲೆಕೆಳಗು ಅನ್ನಿಸಲ್ಲ. ಕಾಯಿಗೆ ಒಂದು ತಂಡಕ್ಕೆ ಹುಣಸೆ ಬೀಜ, ಇನ್ನೊಂದಕ್ಕೆ ಬಿಳಿ ಅಂಗಿ ಗುಂಡಿ. ಕಡಲೆ ಬೇಡ, ಉರುಳುತ್ತೆ, ಅಲ್ಲದೆ ಮಕ್ಕಳು ತಿಂದುಬಿಡ್ತಾರೆ.

ಇನ್ನೊಂದು ಮಾತು. ಇಸ್ಪೀಟು ಅಂದ ಕೂಡಲೇ ಮನೆಯ ಹಿರಿಯರು ಮುಖ ಗಂಟಿಕ್ಕಬಹುದು. ಅವರ ಭಯ ಸುಳ್ಳಲ್ಲ. ಹಬ್ಬದಲ್ಲಿ ಅಂದರ್ ಬಾಹರ್‌ಗೆ ದುಡ್ಡು ಹಾಕಿ ಮನೆ ಕಳಕೊಂಡವರನ್ನು ನಮ್ಮ ಕಡೆಯ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅದಕ್ಕೇ ಹತ್ತು ರೂಪಾಯಿಯನ್ನೂ ಪಣಕ್ಕೆ ಇಡಬೇಡಿ, ತಮಾಷೆಗೂ ಬೇಡ. ಸೋತ ತಂಡ ಎಲ್ಲರಿಗೂ ಚಹಾ ಮಾಡಲಿ. ಎಲೆ ಹಂಚುವಾಗ ಆ ಹಿರಿಯರನ್ನೇ ಮೊದಲು ಕರೆದು ಕೂರಿಸಿ, ನಮ್ಮಪ್ಪ ಹಾಗೇ ಒಪ್ಪಿದ್ದು.

ಮೊದಲ ಸಲ ಎಲ್ಲರೂ ಎಲೆ ತೆರೆದಿಟ್ಟು ಒಂದಾಟ ಆಡಿ, ನಿಯಮ ತಾನಾಗೇ ತಿಳಿಯುತ್ತೆ. ಕೈಯಲ್ಲಿರೋ ಎಲೆಯ ಎರಡೂ ಮನೆ ತುಂಬಿದ್ದರೆ ಅದನ್ನು ತೋರಿಸಿ ಬದಲಿಸಿಕೊಳ್ಳಬಹುದು, ಇದನ್ನು ಶುರುವಿನಲ್ಲೇ ಹೇಳಿಬಿಡಿ. ಹೊಸ ಎಲೆ ಎತ್ತೋದು ಮರೆತು ಮುಂದಿನವರು ಆಡಿಬಿಟ್ಟರೆ ಆ ಎಲೆ ಹೋಯ್ತು ಅಂತ ನಿಯಮ ಇದೆ, ಆದರೆ ಅಜ್ಜಿಯರಿಗೂ ಮಕ್ಕಳಿಗೂ ನಾವು ಅದನ್ನು ಹಚ್ಚಲ್ಲ.